ಜೋಡಿಯಪ್ಪನ ಮೂಗಿನ ಮೇಲಿನ ನಾಯಕತ್ವ

ಜೋಡಿಯಪ್ಪನ ಮಾತು ಕೇಳುವವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ. ಇದು ದೂರಲ್ಲ, ಇದ್ದ ಸಂಗತಿ. ಮನೆಯಲ್ಲಿ ಅವನು "ಮಂಚ ಕಿಟಕಿ ಕಡೆ ಹಾಕೋಣ" ಅಂದರೆ ಹೆಂಡತಿ "ಹ್ಞೂಂ" ಎಂದು ಒಪ್ಪಿ ಗೋಡೆಯ ಕಡೆ ಹಾಕುತ್ತಿದ್ದಳು. ಬಸ್ಸಿನಲ್ಲಿ "ಇಲ್ಲೇ ಇಳೀತೀನಪ್ಪಾ" ಅಂದರೆ ಬಸ್ಸು ಮುಂದಿನ ನಿಲ್ದಾಣದಲ್ಲಿ ನಿಲ್ಲುತ್ತಿತ್ತು. ಮನೆಯ ಬೆಕ್ಕಿಗೆ "ಆಚೆ ಹೋಗು" ಅಂದರೆ ಅದು ಒಳಗೆ ಬಂದು ಅವನ ಕಾಲಿಗೆ ಮೈ ಉಜ್ಜಿ, ಅವನ ಚಾಪೆಯ ಮೇಲೆಯೇ ಮಲಗುತ್ತಿತ್ತು.

ಅವನು ಬೂಟು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಎಡಗಾಲಿನ ಬೂಟನ್ನೂ ಬಲಗಾಲಿನ ಬೂಟನ್ನೂ ನಂಬರು ನೋಡಿ ಜೋಡಿ ಮಾಡುವುದು, ಡಬ್ಬಿಗೆ ಹಾಕುವುದು, ಮೇಲೆ ಚೀಟಿ ಅಂಟಿಸುವುದು, ಇಷ್ಟೇ ಕೆಲಸ. ಇದನ್ನು ಮೂವತ್ತೊಂದು ವರ್ಷ ಮಾಡಿದ್ದರಿಂದ ಅವನ ನಿಜವಾದ ಹೆಸರು ಸಂಬಳದ ಪುಸ್ತಕದಲ್ಲಿ ಮಾತ್ರ ಉಳಿದು, ಉಳಿದೆಲ್ಲ ಕಡೆ ಜೋಡಿಯಪ್ಪ ಎಂದೇ ಆಗಿಹೋಗಿತ್ತು.

ಆ ಕಾರ್ಖಾನೆಯಲ್ಲಿ ಒಂದು ವಿಶೇಷವಿತ್ತು. ಅಲ್ಲಿದ್ದವರೆಲ್ಲ ಕಾರ್ಖಾನೆ ಬಾಗಿಲು ತೆರೆದ ವರ್ಷವೇ ಒಟ್ಟಿಗೆ ಸೇರಿದವರು. ಒಟ್ಟಿಗೆ ಮದುವೆಯಾದರು, ಒಟ್ಟಿಗೆ ಹೊಟ್ಟೆ ಬೆಳೆಸಿದರು. ಐವತ್ತರ ಹತ್ತಿರ ಬರುವಾಗ ಅವರೆಲ್ಲರ ಕಣ್ಣುಗಳೂ ಒಳ್ಳೆಯ ಒಗ್ಗಟ್ಟಿನಿಂದ ಒಟ್ಟಿಗೇ ಮಂಜಾದವು.

ಮಂಜಾದರೆ ಕನ್ನಡಕ ಹಾಕಿಕೊಳ್ಳಬಹುದಿತ್ತಲ್ಲ? ಹಾಕಿಕೊಳ್ಳುವ ಹಾಗಿರಲಿಲ್ಲ. ಬಾಗಿಲ ಪಕ್ಕದ ಗೋಡೆಯ ಮೇಲೆ ಹಳೆಯ ಮಾಲೀಕರು ಹಾಕಿಸಿದ ನೋಟಿಸೊಂದಿತ್ತು. ಕಣ್ಣು ಮಂದವಾದವರನ್ನು ಹಿಂದಿನ ಚರ್ಮದ ಗೋದಾಮಿಗೆ ಹಾಕಲಾಗುವುದು, ನಂಬರು ನೋಡುವವನಿಗೆ ಮಾತ್ರ ರಿಯಾಯಿತಿ ಎಂದು ಅದರ ಸಾರಾಂಶ. ಚರ್ಮದ ಗೋದಾಮಿನ ವಾಸನೆ ಎಂಥದೆಂದರೆ, ಅಲ್ಲಿ ಕೆಲಸ ಮಾಡುವವನು ಮನೆಗೆ ಹೋದರೆ ನೊಣಗಳೇ ಎದ್ದು ದಾರಿ ಬಿಡುತ್ತಿದ್ದವು.

ನಂಬರು ನೋಡುವವನೆಂದರೆ ಜೋಡಿಯಪ್ಪ. ಹಳೆಯ ಮಾಲೀಕರು ಸಾಯುವ ಮುಂಚೆ ತಮ್ಮದೇ ಕನ್ನಡಕವನ್ನು ಅವನಿಗೆ ಕೊಟ್ಟುಹೋಗಿದ್ದರು. ಒಂದು ಕಡೆಯ ಕಡ್ಡಿ ಮುರಿದು ಅಲ್ಲಿ ಬೂಟಿನ ದಾರ ಕಟ್ಟಿತ್ತು. ನಲವತ್ತೊಂದು ಜನಕ್ಕೆ ಇದ್ದದ್ದು ಆ ಒಂದು ಕನ್ನಡಕ.

ವ್ಯವಹಾರ ಹೀಗೆ ನಡೆಯುತ್ತಿತ್ತು. ಹೊಲಿಗೆ ವಿಭಾಗದ ಅಕ್ಕ ಸೂಜಿಗೆ ದಾರ ಪೋಣಿಸಬೇಕಾದರೆ ನೆಟ್ಟಗೆ ಜೋಡಿಯಪ್ಪನ ಮೇಜಿಗೆ ಬಂದು, ಬಾಗಿ, "ಏನಂತೀರಿ ಯಜಮಾನ್ರೆ, ಮೊಣಕಾಲು ನೋವು ಹೇಗಿದೆ?" ಎನ್ನುವಳು. ಅವನು ತಲೆ ಬಗ್ಗಿಸುವನು. ಅವಳು ಕನ್ನಡಕ ತೆಗೆದುಕೊಂಡು, ದಾರ ಪೋಣಿಸಿ, ಮತ್ತೆ ಅವನ ಮೂಗಿನ ಮೇಲೆ ಕೂರಿಸುವಳು. ಅವನು ಮತ್ತೊಮ್ಮೆ ತಲೆಯಾಡಿಸಿ ಸರಿಮಾಡಿಕೊಳ್ಳುವನು. ಆಮೇಲೆ ಗುಮಾಸ್ತ ಬರುವನು. ತಲೆಗೂದಲಿಗೆ ಕಪ್ಪು ಬಳಿದು ವಯಸ್ಸು ಮೂವತ್ತೊಂಬತ್ತಕ್ಕೇ ನಿಲ್ಲಿಸಿದ್ದ ಆಸಾಮಿ. "ಏನಂತೀರಿ, ಮೋಡ ಆಗಿದೆಯಲ್ಲ?" ಎನ್ನುತ್ತ ಆರ್ಡರಿನ ಕಾಗದ ಓದಿಕೊಂಡು ಹೋಗುವನು. ಮ್ಯಾನೇಜರು ದಿನಕ್ಕೆ ಆರು ಸಲ ಬರುತ್ತಿದ್ದರು. ಅದಕ್ಕೆ ತಪಾಸಣೆ ಎಂದು ಹೆಸರು. ಕನ್ನಡಕ ಎಂಬ ಶಬ್ದವನ್ನು ಯಾರೂ ಎತ್ತುತ್ತಿರಲಿಲ್ಲ. ಎಷ್ಟು ವರ್ಷದ ಅಭ್ಯಾಸವೆಂದರೆ, ಜೋಡಿಯಪ್ಪನಿಗೂ ತನ್ನ ಮೂಗಿನಿಂದ ಅದು ಹೋಗಿ ಬಂದದ್ದು ನೊಣ ಕೂತು ಎದ್ದಷ್ಟೂ ಗೊತ್ತಾಗುತ್ತಿರಲಿಲ್ಲ.

ಇಂಥ ಕಾರ್ಖಾನೆಗೆ ಒಂದು ಬೆಳಿಗ್ಗೆ ದೊಡ್ಡ ಕಾಲೇಜಿನಿಂದ ಒಬ್ಬ ಮೇಡಂ ಬಂದರು. ಒಂದು ಸಂಸ್ಥೆಯೊಳಗೆ ಮನುಷ್ಯರು ಒಬ್ಬೊಬ್ಬರಾಗಿ ಹೇಗೆ ವರ್ತಿಸುತ್ತಾರೆ, ಗುಂಪಾಗಿ ಹೇಗೆ ವರ್ತಿಸುತ್ತಾರೆ ಎಂದು ನೋಡಿ ಬರೆಯುವುದು ಅವರ ವಿದ್ಯೆ.

"ನಾನು ಇಲ್ಲಿ ಇಲ್ಲ ಅಂತಲೇ ತಿಳ್ಕೊಳ್ಳಿ" ಎಂದರು ಮೇಡಂ. "ನಿಮ್ಮ ಪಾಡಿಗೆ ನೀವು ಕೆಲಸ ಮಾಡ್ತಾ ಇರಿ. ನಾನು ಬರೀ ನೋಡ್ತೀನಿ."

"ಕೇಳಿದ್ರಾ? ಮೇಡಂ ಇಲ್ಲಿ ಇಲ್ಲ!" ಎಂದು ಮ್ಯಾನೇಜರು ಗುಡುಗಿದರು. "ಯಾರಾದ್ರೂ ಅವರನ್ನ ನೋಡಿದ್ದು ಕಂಡ್ರೆ ಜೋಕೆ!"

ಜನ ಆಜ್ಞೆಯನ್ನು ಅಕ್ಷರಶಃ ಪಾಲಿಸಿದರು. ಇಲ್ಲದವರಿಗೆ ಕುರ್ಚಿ ಯಾಕೆಂದು ಕುರ್ಚಿ ಕೊಡಲಿಲ್ಲ. ಮೇಡಂ ಒಂದು ಖಾಲಿ ಪೆಟ್ಟಿಗೆ ಹುಡುಕಿ ಕೂತರೆ, ಅವರ ಮಡಿಲಲ್ಲೇ ಒಬ್ಬ ನಾಲ್ಕು ಡಬ್ಬಿ ಇಟ್ಟುಹೋದ. ಸಂಜೆ ಅವರು ಒಳಗಿರುವಾಗಲೇ ಬೀಗ ಹಾಕಿಕೊಂಡು ಹೋದರು. ಅರ್ಧ ಗಂಟೆ ಬಾಗಿಲು ಬಡಿದ ಮೇಲೆ ಕಾವಲುಗಾರ ಬಂದು, "ಒಳಗೆ ಯಾರೂ ಇಲ್ವಲ್ಲ, ಬಾಗಿಲು ಬಡಿಯೋರು ಯಾರು?" ಎಂದು ಕೇಳಿದನಂತೆ. ಆದರೂ ಆ ತಾಯಿ ಬೇಸರಪಟ್ಟುಕೊಳ್ಳಲಿಲ್ಲ. ಹನ್ನೊಂದು ದಿನ ಅದೇ ಪೆಟ್ಟಿಗೆಯ ಮೇಲೆ ಕೂತು, ಯಾರು ಯಾರ ಹತ್ತಿರ ಎಷ್ಟು ಸಲ ಹೋದರು ಎಂದು ಬರೆದುಕೊಂಡರು.

ಪೆಟ್ಟಿಗೆ ಇದ್ದದ್ದು ಜೋಡಿಯಪ್ಪನ ಬೆನ್ನ ಹಿಂದೆ. ಆದ್ದರಿಂದ ಅವರಿಗೆ ಕಂಡದ್ದು ಇಷ್ಟು: ದೊಡ್ಡವರು ಚಿಕ್ಕವರೆನ್ನದೆ ಎಲ್ಲರೂ ಆ ಮನುಷ್ಯನ ಹತ್ತಿರ ಬರುತ್ತಾರೆ. ಬಾಗುತ್ತಾರೆ. "ಏನಂತೀರಿ?" ಎಂದು ಮೆಲ್ಲಗೆ ಕೇಳುತ್ತಾರೆ. ಆತ ತಲೆಯಾಡಿಸುತ್ತಾನೆ. ಅವರು ಬೆನ್ನು ತಿರುಗಿಸಿ ಕಾಗದವನ್ನೋ ಸೂಜಿಯನ್ನೋ ಒಂದು ಗಳಿಗೆ ದಿಟ್ಟಿಸಿ, ಮತ್ತೊಮ್ಮೆ ಬಾಗಿ, ಸಮಾಧಾನದ ಮುಖ ಹೊತ್ತು ಹೋಗುತ್ತಾರೆ.

ಹನ್ನೆರಡನೆಯ ದಿನ ಸಭೆ ಸೇರಿತು. ಮೇಡಂ ಗೋಡೆಯ ಮೇಲೆ ದೊಡ್ಡ ಚಿತ್ರವೊಂದನ್ನು ತೂಗುಹಾಕಿದರು. ಒಬ್ಬೊಬ್ಬರಿಗೆ ಒಂದೊಂದು ಚುಕ್ಕೆ, ಚುಕ್ಕೆಯಿಂದ ಚುಕ್ಕೆಗೆ ಗೆರೆ. ನಡುವೆ ಒಂದು ಚುಕ್ಕೆಗೆ ನಾಲ್ಕೂ ಕಡೆಯಿಂದ ಗೆರೆಗಳು ನುಗ್ಗಿ ಅದು ಮುಳ್ಳುಹಂದಿಯ ಹಾಗೆ ಕಾಣುತ್ತಿತ್ತು.

"ಇವರೇ ನಿಮ್ಮ ಕಾರ್ಖಾನೆಯ ನಿಜವಾದ ನಾಯಕರು" ಎಂದರು ಮೇಡಂ. "ಪದವಿ ಇಲ್ಲ, ಜೋರು ದನಿ ಇಲ್ಲ. ಆದರೂ ಇವರು ತಲೆಯಾಡಿಸದೆ ಇಲ್ಲಿ ಒಂದು ಸೂಜಿಯೂ ಅಲುಗೋದಿಲ್ಲ. ಮ್ಯಾನೇಜರೇ ದಿನಕ್ಕೆ ಆರು ಸಲ ಇವರ ಸಲಹೆ ಕೇಳ್ತಾರೆ!"

ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಆ ಗೆರೆಗಳ ಅರ್ಥ ಗೊತ್ತಿತ್ತು. ಬಾಯಿ ಬಿಟ್ಟರೆ ಚರ್ಮದ ಗೋದಾಮು. ಮ್ಯಾನೇಜರು ಗುಮಾಸ್ತನನ್ನು ನೋಡಿದರು. ಗುಮಾಸ್ತ ಹೊಲಿಗೆ ಅಕ್ಕನನ್ನು ನೋಡಿದ. ಹೊಲಿಗೆ ಅಕ್ಕ ಮೇಲಿನ ಫ್ಯಾನನ್ನು ನೋಡಿದಳು. ಕೊನೆಗೆ ಮ್ಯಾನೇಜರು ಗಂಟಲು ಸರಿಮಾಡಿಕೊಂಡು, "ಹೌದು ಮತ್ತೆ! ಏನು ಬುದ್ಧಿ, ಏನು ತೂಕ! ನಾವು ಸುಮ್ಮನೆ ಕೇಳ್ತೀವಾ?" ಎಂದು ಚಪ್ಪಾಳೆ ತಟ್ಟಿದರು. ಅದಕ್ಕೇ ಕಾದಿದ್ದವರ ಹಾಗೆ ಎಲ್ಲರೂ ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದರು.

ಜೋಡಿಯಪ್ಪ ಒಬ್ಬನೇ ತಟ್ಟಲಿಲ್ಲ. ಅವನಿಗೆ ಕಣ್ಣು ತುಂಬಿ ಬಂದಿತ್ತು. ಕನ್ನಡಕ ತೆಗೆದುಕೊಳ್ಳುತ್ತಿದ್ದರು, ನಿಜ. ಬರೀ ಅದಕ್ಕೇ ಆಗಿದ್ದರೆ ಮೊಣಕಾಲನ್ನು ಯಾಕೆ ಕೇಳಬೇಕಿತ್ತು? ಮೋಡದ ವಿಷಯ ಯಾಕೆ ಎತ್ತಬೇಕಿತ್ತು?

ಮನೆಗೆ ಹೋಗಿ ಹೆಂಡತಿಗೆ ಹೇಳಿದ. "ಕೇಳಿಲ್ಲಿ. ನಾನು ನಾಯಕ ಅಂತೆ."

"ಯಾರಿಗೆ?"

"ಕಾರ್ಖಾನೆಗೇ ಕಣೇ. ನಾನು ಹೇಳಿದ್ದನ್ನ ನಲವತ್ತು ಜನ ಕೇಳ್ತಾರಂತೆ. ಚಿತ್ರ ಬರ್ದಿದ್ದಾರೆ."

"ಹಾಗಾದ್ರೆ ಈ ಬೆಕ್ಕಿಗೆ ಹೇಳಿ, ಒಲೆ ಹತ್ರ ಬರಬೇಡ ಅಂತ."

ಬೆಕ್ಕಿನ ವಿಷಯ ಬಿಟ್ಟು ಉಳಿದದ್ದೆಲ್ಲ ಸರಸರನೆ ನಡೆಯಿತು. ಭಾವಮೈದ ಸುದ್ದಿ ತಿಳಿದ ತಕ್ಷಣ ಓಡಿ ಬಂದ. ಹತ್ತು ವರ್ಷದಿಂದ ಭಾವನನ್ನು ನೋಡಿದರೆ ಆಕಳಿಸುತ್ತಿದ್ದವನು ಈಗ ಚಪ್ಪಲಿ ಹೊರಗೆ ಬಿಟ್ಟು, ಕೈ ಕಟ್ಟಿ ನಿಂತ. "ಭಾವಾ, ನನಗೆ ಮೊದಲಿಂದ್ಲೂ ಗೊತ್ತಿತ್ತು. ನಿಮ್ಮ ಆ ಮೌನ ಇದೆಯಲ್ಲ, ಅದು ಸಾಮಾನ್ಯದ್ದಲ್ಲ. ನಮ್ಮ ಬೀದಿಯ ನಲ್ಲಿ ನೀರಿನ ಜಗಳ ಒಂದು ನೀವೇ ತೀರಿಸಿಕೊಡಬೇಕು."

ಬೀದಿಯ ಎರಡೂ ಪಕ್ಷದವರು ಬಿಂದಿಗೆ ಸಮೇತ ಬಂದರು. ಒಬ್ಬಳು "ಮೊದಲು ನಾವು ಹಿಡೀಬೇಕು, ಏನಂತೀರಿ?" ಅಂದಳು. ಜೋಡಿಯಪ್ಪ ಅಭ್ಯಾಸದಂತೆ ತಲೆ ಬಗ್ಗಿಸಿದ. ಎದುರಿನವಳು "ಅದೆಂಗೆ, ಮೊದಲು ನಾವು, ಏನಂತೀರಿ?" ಅಂದಳು. ಅದಕ್ಕೂ ತಲೆ ಬಗ್ಗಿಸಿದ. ಎರಡೂ ಕಡೆಯವರು ಗೆದ್ದೆವೆಂದು ಹೊರಟು, ನಲ್ಲಿಯ ಹತ್ತಿರ ಮುಖಾಮುಖಿಯಾದರು. ಆ ದಿನ ಒಡೆದ ಬಿಂದಿಗೆಗಳ ಚೂರು ಮೂರು ದಿನ ಗುಡಿಸಿದರೂ ಮುಗಿಯಲಿಲ್ಲ.

ಕಾರ್ಖಾನೆಯಲ್ಲಿ ಅವನಿಗೆ ಮೂರನೆಯ ಮಹಡಿಯಲ್ಲಿ ಒಂದು ಕೋಣೆ ಕೊಟ್ಟರು. ಅದಕ್ಕೆ ಬಾಗಿಲಿತ್ತು, ಗಂಟೆಯಿತ್ತು, ಹೊರಗೆ ಸ್ಟೂಲಿನ ಮೇಲೆ ಜವಾನನಿದ್ದ. ಕಾಣಬೇಕಾದವರು ಚೀಟಿಯಲ್ಲಿ ಕಾರಣ ಬರೆದು ಒಳಗೆ ಕಳಿಸಬೇಕು. ನಾಯಕ ಹೇಗೆ ಯೋಚಿಸುತ್ತಾನೆಂದು ನೋಡಲು ಮೇಡಂ ಅವನ ಎದುರೇ ಬೆಳಗಿನಿಂದ ಸಂಜೆಯವರೆಗೆ ಕೂತರು. ಜೋಡಿಯಪ್ಪ ಯಾವುದಕ್ಕೂ ಇರಲಿ ಎಂದು ಹುಬ್ಬು ಗಂಟಿಕ್ಕಿಕೊಂಡು ಗೋಡೆಯನ್ನು ನೋಡುತ್ತಿದ್ದ. ಮೇಡಂ ಪುಟಗಟ್ಟಲೆ ಬರೆಯುತ್ತಿದ್ದರು.

ಈಗ ಕೆಳಗಿನವರ ಪಾಡು ಕೇಳಬೇಕು. ಚೀಟಿಯಲ್ಲಿ ಏನೆಂದು ಬರೆಯುವುದು? ಬರೆಯಲಿಕ್ಕೂ ಕಣ್ಣು ಕಾಣಬೇಕಲ್ಲ! ಹೊಲಿಗೆ ಅಕ್ಕ ಹೇಗೋ ಗೀಚಿ ಮೇಲೆ ಬಂದಳು. ಮೇಡಂ ಎದುರಿಗೇ ಕೂತಿದ್ದರು.

"ಏನಂತೀರಿ ಯಜಮಾನ್ರೆ" ಎಂದಳು, ಸೂಜಿಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು, "ಮೊಣಕಾಲು..."

"ಮೊಣಕಾಲು ಪರವಾಗಿಲ್ಲ" ಎಂದ ಜೋಡಿಯಪ್ಪ ಗಂಭೀರವಾಗಿ. "ಆದರೆ ಮನುಷ್ಯ ಮೊಣಕಾಲೊಂದನ್ನೇ ನೋಡಿದರೆ ಸಾಲದು. ಇಡೀ ಕಾಲನ್ನು ನೋಡಬೇಕು."

"ಆಹಾ!" ಎಂದು ಮೇಡಂ ಬರೆದುಕೊಂಡರು. ಅಕ್ಕ ಹಲ್ಲು ಕಡಿಯುತ್ತ ಕೆಳಗಿಳಿದಳು.

ಒಂದು ವಾರದಲ್ಲಿ ಕಾರ್ಖಾನೆ ತಲೆಕೆಳಗಾಯಿತು. ಗುಮಾಸ್ತ ನಾನೂರು ಖಾಲಿ ಡಬ್ಬಿ ತರಿಸುವ ಕಡೆ ನಾಲ್ಕು ಸಾವಿರ ತರಿಸಿದ. ಅವು ಮೆಟ್ಟಿಲ ಮೇಲೆಲ್ಲ ತುಂಬಿ, ಜನ ಡಬ್ಬಿಗಳ ನಡುವೆ ಸುರಂಗ ಮಾಡಿಕೊಂಡು ಓಡಾಡಿದರು. ಅಭಿನಂದನೆಯ ಪತ್ರ ಎಂದುಕೊಂಡು ಮ್ಯಾನೇಜರು ಖುಷಿಯಾಗಿ ರುಜು ಹಾಕಿದ್ದು ಹೊಲಿಗೆ ವಿಭಾಗದವರೆಲ್ಲರ ರಜೆ ಅರ್ಜಿ. ಮರುದಿನ ಹೊಲಿಗೆಗೆ ಯಾರೂ ಬರಲಿಲ್ಲ. "ಏನಿದು ಅನ್ಯಾಯ!" ಎಂದು ಕೂಗಾಡಿದ ಮ್ಯಾನೇಜರ ಮುಂದೆ ಅವರದೇ ರುಜುವನ್ನು ಹಿಡಿದರೆ, ಅದನ್ನು ಹತ್ತಿರ ತಂದು, ದೂರ ಹಿಡಿದು, "ಹ್ಞೂಂ, ಸರಿ ಇದೆ" ಎಂದು ಸುಮ್ಮನಾದರು.

ಇಷ್ಟರಲ್ಲಿ ಪೇಟೆಯ ಬ್ಯಾಂಡ್ ತಂಡಕ್ಕೆ ಹೋಗಬೇಕಾಗಿದ್ದ ಇಪ್ಪತ್ತು ಜೊತೆ ಬಿಳಿ ಬೂಟುಗಳನ್ನು ಕೆಳಗಿನವರೇ ಅಂದಾಜಿನಲ್ಲಿ ಜೋಡಿ ಮಾಡಿ ಕಳಿಸಿದ್ದರು. ಬೂಟು ಹೋದ ನಾಲ್ಕನೆಯ ದಿನ ಬ್ಯಾಂಡ್ ಮಾಸ್ತರು ಮೆರವಣಿಗೆಯ ಉಡುಪಿನಲ್ಲೇ ಬಂದರು. ಕುಂಟುತ್ತಿದ್ದರು. ಡಬ್ಬಿಗಳ ಸುರಂಗದಿಂದ ಮೊದಲು ಅವರ ಗರಿ ಹೊರಬಂತು, ಆಮೇಲೆ ಮೀಸೆ, ಕೊನೆಗೆ ಬೈಗುಳ.

"ಎಡಗಾಲಿಗೆ ಆರನೇ ನಂಬರು, ಬಲಗಾಲಿಗೆ ಎಂಟನೇ ನಂಬರು! ಇಪ್ಪತ್ತು ಜನಕ್ಕೂ! ಹೊಸ ಗ್ರಂಥಾಲಯ ಉದ್ಘಾಟನೆಗೆ ಹೊರಟಿದ್ದೆವು ಸ್ವಾಮೀ. ನಾನು 'ನೇರ ನಡೀರಿ' ಅಂತೀನಿ, ಬಲಗಾಲು ಜಾರುತ್ತೆ, ತಂಡ ಎಡಕ್ಕೇ ತಿರುಗುತ್ತೆ. ನಿಲ್ಲಿಸೋಕಾಗುತ್ತಾ? ಬಾರಿಸ್ತಾ ಬಾರಿಸ್ತಾ ಇಪ್ಪತ್ತು ಜನ ಸಾಲಾಗಿ ಕ್ಷೌರದಂಗಡಿ ಒಳಗೆ ಹೋದೆವು! ಅರ್ಧ ಮೀಸೆ ಬೋಳಿಸಿಕೊಂಡಿದ್ದ ಗಿರಾಕಿ ಗಾಬರಿಯಾಗಿ ಎದ್ದು ಸಲಾಮು ಹೊಡೆದ!"

"ಆಮೇಲೆ?" ಎಂದ ಗುಮಾಸ್ತ, ಕುತೂಹಲ ತಡೆಯಲಾರದೆ.

"ಆಮೇಲೇನು? ಹಿಂದಿನ ಬಾಗಿಲಿಂದ ಹೊರಗೆ ಬಂದ್ವು. ಡೋಲು ಇನ್ನೂ ಒಳಗೇ ಇದೆ!"

ಮ್ಯಾನೇಜರು ಕೆಂಡವಾದರು. ಮೂರು ಮಹಡಿ ಹತ್ತಿ ಜೋಡಿಯಪ್ಪನ ಬಾಗಿಲನ್ನು ಚೀಟಿಯಿಲ್ಲದೆ ನೂಕಿದರು. "ನಾಯಕರೇ, ಕಣ್ಣು ಸರಿಯಿಲ್ಲದವರು ಯಾರೋ ಈ ಕೆಲಸ ಮಾಡಿದ್ದಾರೆ. ನಾಳೆ ಹತ್ತು ಗಂಟೆಗೆ ಎಲ್ಲರನ್ನೂ ನಿಲ್ಲಿಸಿ ಹಳೇ ನೋಟಿಸನ್ನ ಓದಿಸ್ತೀನಿ. ಓದೋಕಾಗದವರು ಅಲ್ಲಿಂದಲೇ ಗೋದಾಮಿಗೆ! ಏನಂತೀರಿ?"

ಜೋಡಿಯಪ್ಪ ತಲೆಯಾಡಿಸಿಬಿಟ್ಟ. ಅಭ್ಯಾಸ ಕೆಟ್ಟದ್ದು.

ಸಂಜೆ ಹೊಲಿಗೆ ಅಕ್ಕ ಅವನ ಮನೆಗೇ ಬಂದಳು. ಬಾಗಿಲಲ್ಲೇ ನಿಂತು ಶುರುಮಾಡಿದಳು. "ಯಜಮಾನ್ರೆ, ಒಂದು ತಲೆಯಾಡಿಸಿ ನಲವತ್ತು ಜನಾನ ಗೋದಾಮಿಗೆ ಹಾಕಿದಿರಲ್ಲ. ಚೆನ್ನಾಗಿದೆ ನಿಮ್ಮ ನಾಯಕತ್ವ."

"ನಾನೇನು ಮಾಡಲಮ್ಮ? ಎಲ್ಲರೂ ನನ್ನ ಸಲಹೆ..."

"ಸಲಹೆನಾ! ಯಾರಿಗೆ ಬೇಕಾಗಿತ್ತು ನಿಮ್ಮ ಸಲಹೆ? ನಾವು ಬರ್ತಾ ಇದ್ದಿದ್ದು ನಿಮ್ಮ ತಲೆಗಲ್ಲ, ಮೂಗಿಗೆ! ಅದರ ಮೇಲೆ ಕೂತಿದೆಯಲ್ಲ, ಆ ಕನ್ನಡಕಕ್ಕೆ!"

ಇಷ್ಟು ವರ್ಷಗಳಲ್ಲಿ ಆ ಶಬ್ದವನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದವಳೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು. ಜೋಡಿಯಪ್ಪ ಹೆಂಡತಿಯ ಕಡೆ ನೋಡಿದ. ಅವಳು ಸೆರಗಿನ ತುದಿಯನ್ನು ಸುತ್ತುತ್ತ, "ನನ್ನನ್ನ ಯಾಕೆ ನೋಡ್ತೀರಿ? ಅಕ್ಕಿಯಲ್ಲಿ ಕಲ್ಲು ಆರಿಸೋವಾಗ ಪಕ್ಕದಲ್ಲಿ ಬಂದು ಕೂತ್ಕೊಳ್ಳಿ ಅಂತ ಕರೀತಿದ್ನಲ್ಲ, ಅದು ಪ್ರೀತಿಗೆ ಅಂದ್ಕೊಂಡ್ರಾ?" ಎಂದಳು. ಸುತ್ತಿದ ತುದಿಯನ್ನು ಬಿಡಿಸುತ್ತ, "ಸ್ವಲ್ಪ ಪ್ರೀತಿಗೂ ಹೌದು" ಎಂದು ಸೇರಿಸಿದಳು.

ಜೋಡಿಯಪ್ಪ ಎದ್ದು ಹೋಗಿ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಬೆಕ್ಕು ಬಂದು ಅವನ ಬೆನ್ನಿಗೆ ಆತುಕೊಂಡಿತು. ಅದಕ್ಕಂತೂ ಕನ್ನಡಕ ಬೇಕಿರಲಿಲ್ಲ.

ಮರುದಿನ ಹತ್ತು ಗಂಟೆ. ನೆಲದ ಮೇಲೆ ಸೀಮೆಸುಣ್ಣದ ಗೆರೆ. ಗೆರೆಯ ಆಚೆ ಗೋಡೆ, ಗೋಡೆಯ ಮೇಲೆ ನೋಟಿಸು. ನಲವತ್ತೊಂದು ಜನರೂ ಮುಖ ಒಣಗಿಸಿಕೊಂಡು ನಿಂತಿದ್ದರು. ಬ್ಯಾಂಡ್ ಮಾಸ್ತರು ನ್ಯಾಯ ನೋಡಲು ಬಂದಿದ್ದರು. ಮೇಡಂ ತಮ್ಮ ಪೆಟ್ಟಿಗೆಯ ಮೇಲಿದ್ದರು.

"ಯಾರು ಮೊದಲು?" ಎಂದರು ಮ್ಯಾನೇಜರು.

"ನಾಯಕನೇ ಮೊದಲು" ಎನ್ನುತ್ತ ಜೋಡಿಯಪ್ಪ ಮುಂದೆ ಬಂದ. ಗೆರೆಯ ಮೇಲೆ ನಿಂತು ಕನ್ನಡಕ ತೆಗೆದು, ಬೂಟಿನ ದಾರವನ್ನು ಜೋಪಾನವಾಗಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ.

"ಅದನ್ನ ಯಾಕ್ರೀ ತೆಗೀತೀರಿ? ನಿಮಗೆ ರಿಯಾಯಿತಿ ಇದೆ."

"ರಿಯಾಯಿತಿ ನಂಬರು ನೋಡುವವನಿಗೆ ಸಾರ್. ನಾನೀಗ ನಂಬರು ನೋಡ್ತಾ ಇಲ್ಲ, ಗೋಡೆ ನೋಡ್ತಾ ಇದ್ದೀನಿ." ಅವನು ನೋಟಿಸಿನ ಕಡೆ ಕಣ್ಣು ಕಿರಿದು ಮಾಡಿದ. "ಅಲ್ಲೊಂದು ಬಿಳಿ ಚೌಕ ಕಾಣ್ತದೆ. ಅದು ನೋಟಿಸೋ ಟವೆಲ್ಲೋ ಹೇಳಲಾರೆ. ನನ್ನನ್ನ ಗೋದಾಮಿಗೆ ಹಾಕಿ. ಬೂಟು ತಪ್ಪಾಗಿದ್ದು ನನ್ನಿಂದ. ನಾನು ಆ ಮೇಜು ಬಿಟ್ಟು ಏಳಬಾರದಿತ್ತು."

ಹೊಲಿಗೆ ಅಕ್ಕ ಸೆರಗು ಸಿಕ್ಕಿಸಿ ಮುಂದೆ ಬಂದಳು. "ನನಗೆ ಟವೆಲ್ಲೂ ಕಾಣ್ಸಲ್ಲ. ನಡೀರಿ ಯಜಮಾನ್ರೆ, ಒಟ್ಟಿಗೇ ನಾರೋಣ."

"ನನಗೂ ಕಾಣ್ಸಲ್ಲ!" "ನನಗಂತೂ ಗೋಡೇನೇ ಕಾಣ್ಸಲ್ಲ!" ಎಂದು ಹಿಂದಿನಿಂದ ಒಂದೊಂದೇ ದನಿ ಎದ್ದಿತು. ಜನರಿಗೆ ಹುರುಪು ಎಷ್ಟು ಬಂತೆಂದರೆ, ಯಾರಿಗೆ ಹೆಚ್ಚು ಕಾಣುವುದಿಲ್ಲ ಎಂಬುದರಲ್ಲೇ ಪೈಪೋಟಿ ಶುರುವಾಯಿತು. ಜವಾನ, "ನಾನು ವರ್ಷದಿಂದ ನೋಡ್ತಿದ್ದೀನಿ, ಮೇಡಂ ಒಬ್ಬರೋ ಇಬ್ಬರೋ ಇನ್ನೂ ಗೊತ್ತಾಗಿಲ್ಲ!" ಎಂದ. ಮೇಡಂ ಬಂದು ತಿಂಗಳೂ ಆಗಿರಲಿಲ್ಲ. ಗುಮಾಸ್ತ ಕೊನೆಯವರೆಗೆ ತಡೆದುಕೊಂಡು ನಿಂತ. ಆಮೇಲೆ ತಲೆಗೂದಲು ನೇವರಿಸಿ, "ನನಗೆ ಐವತ್ತೈದು" ಎಂದು ಬಿಕ್ಕಿದ.

"ಸಾಕು!" ಎಂದು ಮ್ಯಾನೇಜರು ಗುಡುಗಿದರು. "ಎಲ್ಲರೂ ಗೋದಾಮಿಗೆ! ನೋಟಿಸಿನಲ್ಲಿ ಹೇಗೆ ಬರೆದಿದೆಯೋ ಹಾಗೇ!"

"ಹೇಗೆ ಬರೆದಿದೆ?" ಎಂದರು ಬ್ಯಾಂಡ್ ಮಾಸ್ತರು. "ಅದನ್ನಾದ್ರೂ ಓದಿ ಹೇಳಿ."

ಮ್ಯಾನೇಜರು ನೋಟಿಸಿನ ಹತ್ತಿರ ಹೋದರು. ಮೂಗು ತಾಗುವಷ್ಟು ಬಾಗಿದರು. ಎರಡು ಹೆಜ್ಜೆ ಹಿಂದೆ ಬಂದರು. ಕುತ್ತಿಗೆ ಓರೆ ಮಾಡಿದರು. ಆಮೇಲೆ, ಕೋಪದಲ್ಲಿ ಮೈಮರೆತು, ದಿನಕ್ಕೆ ಆರು ಸಲದ ಅಭ್ಯಾಸದಂತೆ ಪಕ್ಕಕ್ಕೆ ಕೈ ಚಾಚಿ, "ಏನಂತೀರಿ, ತಪಾಸಣೆ ಎಲ್ಲ ಸರಿಯಾಗಿದೆಯಾ?" ಎನ್ನುತ್ತ ಜೋಡಿಯಪ್ಪನ ಮೂಗಿಗೆ ಕೈ ಹಾಕಿದರು. ಅಲ್ಲಿ ಏನೂ ಇರಲಿಲ್ಲ. ಕೈ ಮೂಗನ್ನು ತಡವಿತು. ಹಣೆಯನ್ನು ತಡವಿತು. ಒಂದು ಕಿವಿಯನ್ನು ಹಿಡಿದು ನೋಡಿತು. ಕೊನೆಗೆ ಜೇಬಿಗೆ ಇಳಿದು, ದಾರ ಬಿಚ್ಚಿ, ಕನ್ನಡಕವನ್ನು ಮ್ಯಾನೇಜರ ಮುಖಕ್ಕೆ ಏರಿಸಿತು.

ಮ್ಯಾನೇಜರಿಗೆ ಪ್ರಪಂಚ ಸ್ಪಷ್ಟವಾಯಿತು. ನಲವತ್ತೊಂದು ಮುಖಗಳು ತಮ್ಮನ್ನೇ ನೋಡುತ್ತಿರುವುದು ಕಂಡಿತು. ಮೇಡಂ ಕೈಯಿಂದ ಪೆನ್ನು ಜಾರಿದ್ದೂ ಕಂಡಿತು. ನೋಟಿಸಿನ ಕೊನೆಯ ಸಾಲಿನಲ್ಲಿ "ಮ್ಯಾನೇಜರನನ್ನೂ ಸೇರಿಸಿ" ಎಂದು ಬರೆದಿದ್ದದ್ದು ಎಲ್ಲಕ್ಕಿಂತ ಚೆನ್ನಾಗಿ ಕಂಡಿತು.

ಅವರು ಬಹಳ ಹೊತ್ತು ಓದಿದರು. ಕನ್ನಡಕ ತೆಗೆದು ಜೋಡಿಯಪ್ಪನ ಮೂಗಿನ ಮೇಲೆ ಕೂರಿಸಿದರು. ಗಂಟಲು ಸರಿಮಾಡಿಕೊಂಡರು.

"ಈ ನೋಟಿಸಿನ ಅಕ್ಷರ ಅಳಿಸಿಹೋಗಿದೆ. ಯಾರಿಗೂ ಓದೋಕಾಗಲ್ಲ. ತೆಗೆದುಹಾಕಿ."

ಮೊದಲು ನಕ್ಕವರು ಮೇಡಂ. ಪೆಟ್ಟಿಗೆಯಿಂದ ಜಾರಿ ಖಾಲಿ ಡಬ್ಬಿಗಳ ರಾಶಿಗೆ ಬಿದ್ದು, ಅಲ್ಲಿಂದಲೂ ನಕ್ಕರು. "ನಾನು ಓದಿದ ಯಾವ ಪುಸ್ತಕದಲ್ಲೂ ಇದು ಇಲ್ಲ!" ಎಂದು ಡಬ್ಬಿಗಳ ಒಳಗಿಂದ ದನಿ ಬರುತ್ತಿತ್ತು. ಬ್ಯಾಂಡ್ ಮಾಸ್ತರಿಗೂ ಸಿಟ್ಟು ಇಳಿಯಿತು. ಜೋಡಿಯಪ್ಪ ಕೆಳಗಿನ ಮೇಜಿಗೆ ಇಳಿದು ಬಂದು, ಅಂದೇ ಅವರ ಇಪ್ಪತ್ತು ಜೊತೆಯನ್ನೂ ಸರಿಮಾಡಿ ಕೊಟ್ಟ.

ತಿಂಗಳೊಳಗೆ ಕಣ್ಣಿನ ಡಾಕ್ಟರು ಬಂದು ಎಲ್ಲರಿಗೂ ಕನ್ನಡಕ ಬರೆದುಕೊಟ್ಟರು. ಹೊಸ ಕನ್ನಡಕಗಳು ಬಂದ ದಿನ ಜೋಡಿಯಪ್ಪ ಬೆಳಿಗ್ಗೆಯೇ ತನ್ನ ಮೇಜಿನಲ್ಲಿ ಕೂತ. ಎಂಟಾಯಿತು, ಒಂಬತ್ತಾಯಿತು. ಯಾರೂ ಬರಲಿಲ್ಲ. ಯಾಕೆ ಬರಬೇಕು? ಅವನು ಎಡಗಾಲಿನ ಏಳಕ್ಕೆ ಬಲಗಾಲಿನ ಏಳನ್ನು ಸೇರಿಸುತ್ತ, ಬೇಕಿಲ್ಲದಿದ್ದರೂ ಪ್ರತಿ ನಂಬರನ್ನು ಎರಡೆರಡು ಸಲ ನೋಡುತ್ತಿದ್ದ. ಬೆನ್ನ ಹಿಂದೆ ಪೆಟ್ಟಿಗೆಯ ಮೇಲೆ ಮೇಡಂ ಹೊಸ ಹಾಳೆ ತೆರೆದು, ನಡುವೆ ಒಂದೇ ಒಂದು ಚುಕ್ಕೆ ಇಟ್ಟುಕೊಂಡು ಕೂತಿದ್ದರು.

ಒಂಬತ್ತೂವರೆಗೆ ಹೊಲಿಗೆ ಅಕ್ಕ ಬಂದಳು. ಮೂಗಿನ ಮೇಲೆ ಹೊಸ ಕನ್ನಡಕ, ಕೈಯಲ್ಲಿ ದಾರ ಪೋಣಿಸಿದ ಸೂಜಿ.

"ಏನಂತೀರಿ ಯಜಮಾನ್ರೆ" ಎಂದಳು, "ಮೊಣಕಾಲು ನೋವು ಹೇಗಿದೆ?"

ಜೋಡಿಯಪ್ಪ ಅಭ್ಯಾಸದಂತೆ ತಲೆ ಬಗ್ಗಿಸಿದ. ಅವಳು ಏನನ್ನೂ ತೆಗೆದುಕೊಳ್ಳಲಿಲ್ಲ. ಉತ್ತರಕ್ಕೆ ಕಾಯುತ್ತ ನಿಂತಿದ್ದಳು.

"ಎಡಗಾಲು ಪರವಾಗಿಲ್ಲಮ್ಮ" ಎಂದ ಅವನು, ಸಾವರಿಸಿಕೊಂಡು. "ಬಲಗಾಲೇ ಸ್ವಲ್ಪ..."

ಅವಳ ಹಿಂದೆ ಗುಮಾಸ್ತ ಮೋಡದ ವಿಷಯ ಹಿಡಿದು ಬಂದ. ಅರ್ಧ ತಲೆ ಬೆಳ್ಳಗಾಗಿತ್ತು. ಅವನ ಹಿಂದೆ ಜವಾನ. ಹತ್ತು ಗಂಟೆಗೆ ಸರಿಯಾಗಿ ಮ್ಯಾನೇಜರು ತಪಾಸಣೆಗೆ ಬಂದರು. ಹೊಚ್ಚ ಹೊಸ ಕನ್ನಡಕ ಅವರ ಹಣೆಯ ಮೇಲೆ ಹೊಳೆಯುತ್ತಿತ್ತು. ಅವರು ಬಾಗಿ, "ಏನಂತೀರಿ?" ಎಂದು ಜೋಡಿಯಪ್ಪನ ಮೂಗಿನಿಂದ ದಾರ ಕಟ್ಟಿದ ಕನ್ನಡಕವನ್ನು ತೆಗೆದು ಹಾಕಿಕೊಂಡು, ಕಾಗದ ಓದಿ, ಮತ್ತೆ ಅಲ್ಲೇ ಕೂರಿಸಿ ಹೊರಟುಹೋದರು.

ಜೋಡಿಯಪ್ಪ ತಲೆಯಾಡಿಸಿ ಅದನ್ನು ಸರಿಮಾಡಿಕೊಂಡ. ಹಿಂದಿನಿಂದ ಮೇಡಂ ಇನ್ನೊಂದು ಗೆರೆ ಎಳೆದ ಸದ್ದು ಕೇಳಿಸಿತು.